ಲಿಂಕ್ ಇರಬೇಕಾದ ಜಾಗದಲ್ಲಿ

ಒಂದು ಲಿಂಕ್ ತುಂಡಾದದ್ದಕ್ಕೆ ಮೃಣ್ಮಯಿ ತೆತ್ತದ್ದು ಇಷ್ಟು: ಮೊದಲ ಸಲ ತಾನೇ ಮುಂದೆ ನಿಂತು ನಡೆಸಿದ ಆ್ಯಪಿನ ರಿಲೀಸು, ಅದನ್ನು ನಂಬಿದವರ ಎದುರು ಮರ್ಯಾದೆ.

ಕಣ್ಣು ಕಾಣದವರಿಗೆ ಪುಣೆಯ ಬಸ್ ಸ್ಟಾಪುಗಳನ್ನು ಕೂಗಿ ಹೇಳುವ ಆ್ಯಪ್ ಅವರದು. ಅಂದು ಬೆಳಿಗ್ಗೆ, ಅದನ್ನು ಬಳಸುವ ಕಣ್ಣು ಕಾಣದ ಅಜ್ಜಿ, ಎಲ್ಲರ ಪರಾಂಜಪೆ ಆಜಿ, ಸ್ಟಾಪು ಬಂತೆಂಬ ಅದರ ಮಾತು ಕೇಳಿ ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗಲೇ ಇಳಿದು, ವಾಹನಗಳ ನಡುವೆ ಸಿಕ್ಕಿಕೊಂಡಿದ್ದರು.

ಮೃಣ್ಮಯಿ ಹುಡುಕಿದಳು. ಆ್ಯಪಿನ ಕೋಡೆಲ್ಲ ಇಡುವ ಅವರ ರೆಪೊದ ಜೋಡಣೆಯೇ ಸ್ವಲ್ಪ ವಿಚಿತ್ರ. ಸ್ಟಾಪುಗಳ ಪಟ್ಟಿ ಎಲ್ಲಕ್ಕಿಂತ ಹೊರಗಿನ ಫೋಲ್ಡರಿನಲ್ಲಿ ಒಂದೇ ಕಡೆ ಇರಬೇಕು; ಉಳಿದೆಡೆ ಅದರತ್ತ ಬೆರಳು ತೋರಿಸುವ ಲಿಂಕ್ ಮಾತ್ರ. ಆದರೆ ಲಿಂಕಿನ ಜಾಗದಲ್ಲಿ ಇಡೀ ಪಟ್ಟಿಯ ನಕಲಿತ್ತು. ಮೆಟ್ರೊ ಕೆಲಸಕ್ಕೆ ಸ್ಟಾಪು ಸರಿದದ್ದನ್ನು ಅವಳು ಮೂಲದಲ್ಲಿ ತಿದ್ದಿದ್ದಳು. ಆ್ಯಪ್ ಓದಿದ್ದು ಹಳೆಯ ನಕಲನ್ನು. ಬದಲಾಯಿಸಿದವನ ಹೆಸರು ಪಕ್ಕದಲ್ಲೇ ಇತ್ತು: ಅವಳ ತಂಡದವನೇ ಆದ ನಿನಾದ್.

ಕ್ಯಾಂಟೀನಿನಲ್ಲಿ ಅವನು ಸಾಬೂದಾನ ಖಿಚಡಿಯ ತಟ್ಟೆಯನ್ನು ಅವಳತ್ತ ಸರಿಸಿ ಓರೆಗಣ್ಣಲ್ಲಿ ನೋಡಿ ನಕ್ಕ. "ಮೂಗಿನ ತುದಿ ಕೆಂಪಗಿದೆ. ಚೆನ್ನಾಗೇ ಕಾಣ್ತೀಯ."

"ಲಿಂಕ್ ಕಿತ್ತು ಫೈಲ್ ಕಾಪಿ ಮಾಡಿಟ್ಟಿದ್ದು ನೀನೇನೋ?"

ಅವನ ನಗು ಇಂಗಿತು. "ಫೋಲ್ಡರ್ ಸರಿಸ್ದಾಗ ಲಿಂಕೆಲ್ಲ ಮುರಿದೋಯ್ತು. ನೀನು ಬೈತೀಯ ಅಂತ..."

"ಅಂತ ಎರರ್ ಬಾಯಿಗೆ ಬಟ್ಟೆ ತುರುಕಿದೆ! ಆಜಿ ರಸ್ತೆ ಮಧ್ಯೆ ನಿಂತ್ರು, ಮಹರಾಯ!"

"ನಿನ್ನ ಮುಖ ಬಾಡೋದು ನೋಡಕ್ಕಾಗಲ್ಲ ನಂಗೆ."

"ಬಾಡ್ಲಿ! ನನ್ನ ಮುಖ ಏನು ನಿಮ್ಮಪ್ಪನ ಆಸ್ತಿನಾ? ನಿಜ ಹೇಳಿದ್ರೆ ಚೆನ್ನಾಗಿ ಬೈದು, ಜೊತೆಗೇ ಕೂತು ಸರಿ ಮಾಡ್ತಿದ್ದೆ ಕಣೋ."

ಮಧ್ಯಾಹ್ನದ ಮೀಟಿಂಗಿನಲ್ಲಿ ಮ್ಯಾನೇಜರ್ ಖಾಸನೀಸ್ ಅವಳ ಮೇಲೆ ಹರಿಹಾಯ್ದ. ನಿನಾದ್ ಎದ್ದು ನಿಂತ. "ಅವಳದಲ್ಲ ಸರ್. ಮುರಿದಿದ್ದೂ ನಾನೇ, ಮುಚ್ಚಿಟ್ಟಿದ್ದೂ ನಾನೇ." ಎಲ್ಲರೂ ಅವನನ್ನು ನೋಡಿದರು. ಅವಳು ನೋಡಲಿಲ್ಲ.

ಆಮೇಲೆ ಇಬ್ಬರೂ ಒಂದೇ ಪರದೆಯ ಮುಂದೆ ಕೂತರು. ಅವನು ನಕಲುಗಳನ್ನು ಅಳಿಸಿ ಲಿಂಕುಗಳನ್ನು ಮತ್ತೆ ಕಟ್ಟಿದ. ಅವಳು ತನ್ನ ಲ್ಯಾಪ್‌ಟಾಪಿಗೆ ಎಲ್ಲವನ್ನೂ ಹೊಸದಾಗಿ ಇಳಿಸಿಕೊಂಡು ನೋಡಿದಳು. ಎಲ್ಲ ಲಿಂಕುಗಳೂ ತೆರೆದವು. ಸಿಟ್ಟು ಮಾತ್ರ ಹಾಗೇ ಇತ್ತು.

"ಇನ್ನೊಂದೂ ಮುಚ್ಚಿಟ್ಟಿದೀನಿ," ಅಂದ ಅವನು, ಕೀಬೋರ್ಡು ನೋಡುತ್ತ. "ನಿನ್ನ ಪ್ರೀತಿಸ್ತೀನಿ. ಬೈಯೋದಾದ್ರೆ ಬೈದುಬಿಡು."

ಅವಳ ಕಿವಿ ಬಿಸಿಯಾಯಿತು. "ಮೊದ್ಲು ಆಜಿ ಮುಂದೆ ಹೋಗಿ ಇದನ್ನೆಲ್ಲ ಒಪ್ಕೋ. ಆಮೇಲೆ ನನ್ನ ಉತ್ತರ."

"ಒಬ್ಬನೇನಾ?"

"ಬೈಗುಳ ಪೂರ್ತಿ ತಿಂತೀಯೋ ಇಲ್ವೋ ನೋಡೋಕೆ ನಾನೂ ಬರ್ತೀನಿ."

ಸಂಜೆ ತಮ್ಮ ಮನೆಯಲ್ಲಿ ಆಜಿ ಚಹಾ ಆರುವವರೆಗೂ ಬೈದರು. ಅವನು ಒಂದು ನೆಪವನ್ನೂ ಹೇಳಲಿಲ್ಲ. ಮೆಟ್ಟಿಲಿಳಿಯುವಾಗ ಮೃಣ್ಮಯಿ ಅವನ ತೋಳಿಗೆ ಜೋರಾಗಿ ಗುದ್ದಿದಳು. ಆಮೇಲೆ ಆ ತೋಳನ್ನು ಬಿಡಲಿಲ್ಲ.

ತಪ್ಪು ಅವಳದಲ್ಲದಿದ್ದರೂ ಮುಂದಿನ ರಿಲೀಸಿನ ಹೊಣೆಯನ್ನು ಖಾಸನೀಸ್ ಬೇರೆಯವರಿಗೆ ಕೊಟ್ಟ. ಅವಳಿಗೆ ನಿನಾದ್ ಸಿಕ್ಕಿದ.