ದರ್ಜಿಯ ಹಿರಿಯ ಮಗಳು

ನರ್ಸಮ್ಮ ವಾರ್ಡಿನಿಂದ ಹೊರಗೆ ಬಂದು, "ತಾತ, ಅಜ್ಜಿ ಹೋಗಿಬಿಟ್ರು" ಎಂದಳು. ದೇವರ ಹೆಸರು ಹೇಳಿ ಗೋಡೆಗೆ ಒರಗಿದೆ. ಕಣ್ಣು ತುಂಬಿದ ಆ ಗಳಿಗೆಯಲ್ಲೂ ನನಗೆ ಕಂಡದ್ದು ಹರೆಯದ ನನ್ನಾಕೆಯ ನಗುಮುಖ.

ಆಗ ನಾವಿಬ್ಬರೂ ರಸಾಯನಶಾಸ್ತ್ರದ ಪದವೀಧರರು, ಇಬ್ಬರಿಗೂ ಫಸ್ಟ್ ಕ್ಲಾಸ್. ಇಂಗ್ಲಿಷಿನಲ್ಲಿ ಬಾಯಿ ಬಿಡಬೇಕಾದ ಕಡೆಯೆಲ್ಲ ಇಬ್ಬರಿಗೂ ಕೆಲಸ ತಪ್ಪಿತ್ತು. ಸಂಜೆಯ ಇಂಗ್ಲಿಷ್ ಕ್ಲಾಸಿನಲ್ಲಿ ಇಂಟರ್‌ವ್ಯೂ ಅಭ್ಯಾಸಕ್ಕೆಂದು ಮೇಷ್ಟ್ರು ನಮ್ಮನ್ನು ಜೋಡಿ ಮಾಡಿದರು. ಒಬ್ಬರು ಸಾಹೇಬರು, ಇನ್ನೊಬ್ಬರು ಅಭ್ಯರ್ಥಿ.

ಸಾಹೇಬರ ಕುರ್ಚಿಯಲ್ಲಿ ಕೂತರೆ ಅವಳು ಒಂದು ಹುಬ್ಬು ಮೇಲೇರಿಸಿ, ತುಟಿಯಂಚಿನಲ್ಲಿ ನಗು ಅಡಗಿಸಿ ನೋಡುತ್ತಿದ್ದಳು.

"ಏನ್ರೀ, ನಾಲಿಗೆ ಮನೇಲಿ ಬಿಟ್ಟು ಬಂದ್ರಾ?"

"ನೀವು ಹಾಗೆ ನೋಡಿದ್ರೆ ಮಾತು ಹೇಗೆ ಬರುತ್ತೆ?"

"ನೋಡದೆ ಇಂಟರ್‌ವ್ಯೂ ಮಾಡೋಕಾಗುತ್ತಾ?"

ತನ್ನ ಸರದಿ ಬಂದಾಗ ಬಾಯಿಪಾಠದ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳುತ್ತಿದ್ದಳು: ತಾನು ದರ್ಜಿಯ ಹಿರಿಯ ಮಗಳು, ಲ್ಯಾಬ್ ಎಂದರೆ ಪ್ರಾಣ. ಎಷ್ಟು ಕೇಳಿದರೂ ನನ್ನ ಮನಸ್ಸು ತಣಿಯುತ್ತಿರಲಿಲ್ಲ.

ಬಣ್ಣದ ಕಾರ್ಖಾನೆಯ ಲ್ಯಾಬಿನಿಂದ ಇಬ್ಬರಿಗೂ ಕರೆ ಬಂತು. ಇದ್ದದ್ದು ಒಂದೇ ಕೆಲಸ.

"ಇದು ಸಿಗದಿದ್ರೆ ಸೋದರಮಾವ ನೋಡಿರೋ ಗಂಡನ್ನ ಒಪ್ಕೋಬೇಕು" ಎಂದಳು. ನನ್ನೆದೆ ಧಸಕ್ಕೆಂದಿತು.

ಮೊದಲು ಒಳಗೆ ಹೋದವಳು ಬಾಡಿದ ಮುಖದಲ್ಲಿ ಹೊರಬಂದಳು. "ಅರ್ಧದಲ್ಲೇ ತಡವರಿಸಿಬಿಟ್ಟೆ."

ನನ್ನನ್ನು ಕರೆದರು. ನಿಮ್ಮ ಬಗ್ಗೆ ಹೇಳಿ ಎಂದದ್ದೇ ತಡ, ಗಾಬರಿಯಲ್ಲಿ ನನ್ನ ಉತ್ತರ ಹಾರಿಹೋಗಿ ಅವಳದು ಹೊರಬಂತು. "ಐ ಆಮ್ ದಿ ಎಲ್ಡೆಸ್ಟ್ ಡಾಟರ್ ಆಫ್ ಎ ಟೈಲರ್!"

ಸಾಹೇಬರು ಬಿದ್ದು ಬಿದ್ದು ನಕ್ಕರು. ಈಗಷ್ಟೇ ಇದೇ ಮಾತು ಹೇಳಿ ಹೋದ ಆ ಹುಡುಗಿ ನಿನಗೇನಾಗಬೇಕು ಎಂದು ಕೇಳಿದರು. ಅದಕ್ಕೆ ಬಾಯಿಪಾಠದ ಉತ್ತರವಿರಲಿಲ್ಲ. ಮುರುಕು ಇಂಗ್ಲಿಷಿನಲ್ಲೇ ಹೇಳಿದೆ: ಜೊತೆಯಲ್ಲಿ ಕಲಿಯುತ್ತೇವೆ, ಕೆಲಸದಲ್ಲಿ ಅವಳು ನನಗಿಂತ ಚುರುಕು, ಅವಳನ್ನು ಲ್ಯಾಬಿನಲ್ಲೇ ನಿಲ್ಲಿಸಿ ಇನ್ನೊಮ್ಮೆ ಕೇಳಿ.

ಅವಳನ್ನು ಲ್ಯಾಬಿಗೆ ಕರೆಸಿ ಕೇಳಿದರು. ಕೈ ಗಾಜಿನ ನಳಿಕೆ ಹಿಡಿದ ಮೇಲೆ ಇಂಗ್ಲಿಷ್ ತಾನಾಗಿ ಬಂತಂತೆ. ಓಡಿ ಬಂದಳು.

"ಸಿಕ್ತು! ನನ್ನ ಬಗ್ಗೆ ಏನಂದ್ರಿ ಒಳಗೆ? ನಗ್ತಾನೇ ಇದ್ರು ಅವರು."

"ನಿಮ್ಮಪ್ಪನ ಹಿರಿಯ ಮಗಳು ನಾನೇ ಅಂದೆ."

ಹೊಟ್ಟೆ ಹಿಡಿದು ನಕ್ಕಳು. "ಹಾಗಾದ್ರೆ ಆ ಗಂಡಿಗೆ ನಿಮ್ಮನ್ನೇ ಕೊಡೋಣ."

"ನಾನು ಬೇರೆಯವರನ್ನ ಮೆಚ್ಚಿದ್ದೀನಿ. ಬಣ್ಣದ ಕಾರ್ಖಾನೇಲಿ ಕೆಲಸ."

ಕಣ್ಣು ನೆಲಕ್ಕಿಳಿದು, ಮೆಲ್ಲಗೆ ನನ್ನವರೆಗೆ ಏರಿತು. "ಅವರನ್ನ ಕೇಳಿದ್ರಾ?"

"ಈಗ ಕೇಳ್ತಾ ಇದ್ದೀನಿ."

"ಒಪ್ಪಿದ್ದಾರೆ, ಹೋಗ್ರೀ!"

ದಯಾಮಯನೇ, ನೀನು ನನಗೆ ಅವಳೊಡನೆ ಒಂದು ಬಾಳನ್ನೇ ಕೊಟ್ಟೆ, ಕೈಮುಗಿಯುತ್ತೇನೆ. ದಣಿದು ನಿನ್ನ ಬಳಿಗೆ ಬಂದಿದ್ದಾಳೆ. ಅವಳ ಆತ್ಮಕ್ಕೆ ಶಾಂತಿ ಕೊಡು.