ಹದಿನಾಲ್ಕನೇ ಬೆಡ್‌ನ ಅಮ್ಮ

"ಸ್ಟಾಪ್!"

ಟೇಬಲ್ ಮೇಲೆ ಮಧ್ವೇಶ್‌ನ ಕೈ ಬಿದ್ದ ಸದ್ದಿಗೆ ಹಂಸಾ ಬೆಚ್ಚಿಬಿದ್ದಳು. ಲೋಟದ ಚಹಾ ಚೆಲ್ಲಿತು.

ಏನಾಯ್ತು ಇವರಿಗೆ? ಇನ್ನೂ ಒಂದು ನಿಮಿಷ ಹತ್ತು ಸೆಕೆಂಡ್ ಆಗಿತ್ತಷ್ಟೇ! ಇಂಟರ್‌ವ್ಯೂ ಉತ್ತರ ಎರಡು ನಿಮಿಷದ್ದು...

"ಆ ಪೇಶಂಟ್ ಕಾಲುಂಗುರ ಲೂಸ್ ಆಗಿತ್ತು ಅಂದ್ರಲ್ಲ..." ಮಧ್ವೇಶ್ ಮುಂದಕ್ಕೆ ಬಾಗಿದ. "ಅದಕ್ಕೆ ದಾರ ಸುತ್ತಿತ್ತಾ? ಹಳದಿ ದಾರ?"

"ಹೌದು... ನಿಮಗೆ ಹೇಗೆ ಗೊತ್ತು?"

"ಸುತ್ತಿದ್ದು ನಾನೇ."

ಬೆಡೋಕ್‌ನ ಹಾಕರ್ ಸೆಂಟರಿನಲ್ಲಿ, ಸಾಲು ಸಾಲು ತಿಂಡಿ ಅಂಗಡಿಗಳ ನಡುವೆ, ಭಾನುವಾರದ ಗದ್ದಲ. ಆದರೆ ಹಂಸಾಳ ಕಿವಿಗೆ ಆಮೇಲೆ ಅವನ ಮಾತಲ್ಲದೆ ಬೇರೇನೂ ಕೇಳಿಸಲಿಲ್ಲ.

ಅವರಿಬ್ಬರೂ ಭೇಟಿಯಾಗಿ ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಭೇಟಿ ಮಾಡಿಸಿದ್ದು ಕನ್ನಡ ಸಂಘದ ಮೀರಾ ಆಂಟಿ. "ಚಾಂಗಿ ಬಿಸಿನೆಸ್ ಪಾರ್ಕ್‌ನಲ್ಲಿ ಬ್ಯಾಂಕ್ ಕೆಲಸ, ಮೈಸೂರಿನ ಹುಡುಗ. ವಾರಕ್ಕೆ ಹತ್ತು ಜನಾನ ಇಂಟರ್‌ವ್ಯೂ ಮಾಡಿ ಒಂಬತ್ತು ಜನಾನ ರಿಜೆಕ್ಟ್ ಮಾಡ್ತಾನಂತೆ. ಅವನ ಹತ್ರ ಪ್ರಾಕ್ಟೀಸ್ ಮಾಡು, ಯಾವ ಅಮೆರಿಕದವರಿಗೂ ಹೆದರಲ್ಲ ನೀನು!" ಎಂದಿದ್ದರು.

ಹಂಸಾಗೆ ಇಪ್ಪತ್ತಾರು. ಬೆಡೋಕ್‌ನಲ್ಲೇ ಬೆಳೆದವಳು. ಆಸ್ಪತ್ರೆಯೊಂದರ ವಾರ್ಡ್‌ನಲ್ಲಿ ಕೇರ್ ಅಸಿಸ್ಟೆಂಟ್. ಸ್ನಾನ ಮಾಡಿಸುವುದು, ಮಗ್ಗುಲು ಬದಲಿಸುವುದು, ಊಟ ತಿನ್ನಿಸುವುದು ಅವಳ ಕೆಲಸ. ಆಗಬೇಕೆಂದುಕೊಂಡದ್ದು ಫಿಸಿಶಿಯನ್ ಅಸಿಸ್ಟೆಂಟ್, ಅಂದರೆ ಡಾಕ್ಟರ ಜೊತೆ ನಿಂತು ರೋಗಿಯನ್ನು ಪರೀಕ್ಷಿಸಿ, ಔಷಧಿ ಬರೆದು, ತಾನೇ ತೀರ್ಮಾನ ಮಾಡುವವಳು. ಎರಡು ವರ್ಷ ಅರ್ಜಿ ಹಾಕಿ ಸೋತಿದ್ದಳು. ಈ ಸಲ ಅಮೆರಿಕದ ಒಂದೇ ಒಂದು ಕಾಲೇಜು ವಿಡಿಯೋ ಇಂಟರ್‌ವ್ಯೂಗೆ ಕರೆದಿತ್ತು. ಅವಳು ಓದಿದ ಸೈನ್ಸ್ ಕೋರ್ಸ್‌ಗಳು ಹಳೆಯವಾದವೆಂದು ಮುಂದಿನ ವರ್ಷದಿಂದ ಯಾವ ಕಾಲೇಜೂ ಒಪ್ಪುತ್ತಿರಲಿಲ್ಲ. ಇದೇ ಕೊನೆಯ ಸಲ.

"ನಿಮ್ಮನ್ನು ಬದಲಿಸಿದ ಒಬ್ಬ ರೋಗಿಯ ಬಗ್ಗೆ ಹೇಳಿ" ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಅವಳು ಹೇಳುತ್ತಿದ್ದ ಉತ್ತರ ಹದಿನಾಲ್ಕನೇ ಬೆಡ್‌ನ ಅಮ್ಮನದು. ಹೆಸರು ಹೇಳಿರಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ.

"ಪದ್ಮಿನಿ," ಎಂದ ಮಧ್ವೇಶ್. "ನನ್ನಮ್ಮ. ಮೈಸೂರಿಂದ ನನ್ ಹತ್ರ ಬಂದಾಗ ಸ್ಟ್ರೋಕ್ ಆಯ್ತು. ನಾನು ದಿನಾ ಸಂಜೆ ಬರ್ತಿದ್ದೆ. ನೀವು ಮಾರ್ನಿಂಗ್ ಶಿಫ್ಟ್ ಇರ್ಬೇಕು, ನೋಡೇ ಇಲ್ಲ. ಆವತ್ತು ನಾನು ಬರೋದ್ರೊಳಗೆ..."

ಅವನು ಚೆಲ್ಲಿದ ಚಹಾ ಒರೆಸಿದ. ಆಮೇಲೆ ಕೇಳಿದ, ಅದೂ ಎಷ್ಟು ಮೆಲ್ಲಗೆ!

"ನೀರು ಕೊಟ್ಟೆ ಅಂದ್ರಲ್ಲ... ನಿಜವಾಗ್ಲೂ ಕೊನೇಲಿ ಅಮ್ಮ ನೀರು ಕುಡಿದ್ರಾ? ನೀವು ಕೈ ಹಿಡ್ಕೊಂಡಿದ್ರಾ?"

ಹೇಳಿಬಿಡು ಹಂಸಾ! ಈಗಲೇ ಹೇಳಿಬಿಡು... ಅವಳ ಮನಸ್ಸು ಕೂಗಿತು.

ಅವನ ಕಣ್ಣು ನೋಡಿದಳು. ಹನ್ನೊಂದು ತಿಂಗಳಿಂದ ನಿದ್ದೆ ಕಾಣದ ಕಣ್ಣುಗಳು.

"ಹೂಂ," ಎಂದಳು. "ಕುಡಿದ್ರು."

ಅಯ್ಯೋ ಹುಡುಗೀ! ಹಾಗೆ ಹೂಂಗುಟ್ಟುವ ಬದಲು ನಾಲಿಗೆ ಕಚ್ಚಿಕೊಳ್ಳಬಾರದಿತ್ತೇ? ಆದರೆ ಅಷ್ಟು ಜನರ ನಡುವೆ ಮೂವತ್ತು ದಾಟಿದ ಗಂಡಸೊಬ್ಬ ಮುಖ ಮುಚ್ಚಿಕೊಂಡು ಅಳುವಾಗ ನಿಜ ಹೇಳುವ ಎದೆಗಾರಿಕೆ ಎಷ್ಟು ಜನಕ್ಕಿರುತ್ತದೆ, ನೀವೇ ಹೇಳಿ.

ನಿಜ ಏನೆಂದರೆ, ಪದ್ಮಿನಿಯಮ್ಮನಿಗೆ ಸ್ಟ್ರೋಕ್ ಆಗಿ ಬಲಭಾಗ ಬಿದ್ದುಹೋಗಿತ್ತು. ನುಂಗಲು ಆಗುತ್ತಿರಲಿಲ್ಲ. ಬರೀ ನೀರು ಕೊಟ್ಟರೆ ಶ್ವಾಸಕೋಶಕ್ಕೆ ಇಳಿಯುತ್ತದೆಂದು ಪುಡಿ ಹಾಕಿ ಗಟ್ಟಿ ಮಾಡಿದ ನೀರನ್ನಷ್ಟೇ, ಅದೂ ನರ್ಸ್ ಒಪ್ಪಿದರೆ ಮಾತ್ರ ಕೊಡಬೇಕೆಂದು ತಲೆಯ ಹತ್ತಿರ ಬೋರ್ಡ್ ತೂಗುಹಾಕಿದ್ದರು.

ಆ ಬೆಳಿಗ್ಗೆ ಏಳು ಗಂಟೆಗೆ, ಹಂಸಾ ಹಾಸಿಗೆ ಸರಿಮಾಡುತ್ತಿದ್ದಾಗ, ಅವರ ತುಟಿ ಅಲುಗಿತ್ತು.

"ನೀರು..."

"ಇರಿ ಅಮ್ಮ, ಕೇಳಿ ಬರ್ತೀನಿ," ಎಂದು ಹಂಸಾ ಓಡಿದ್ದಳು. ನರ್ಸ್‌ಗಳು ಶಿಫ್ಟ್ ಬದಲಾಯಿಸುತ್ತಿದ್ದರು. ಒಂದು ನಿಮಿಷ ಎಂದರು. ಅಷ್ಟರಲ್ಲಿ ಒಂಬತ್ತನೇ ಬೆಡ್‌ನ ಅಜ್ಜ ಬೀಳುವುದರಲ್ಲಿದ್ದ, ಅವನನ್ನು ಹಿಡಿದಳು. ಕಪ್ ಹಿಡಿದು ವಾಪಸ್ ಬರುವಷ್ಟರಲ್ಲಿ ಒಂಬತ್ತು ನಿಮಿಷ ಕಳೆದಿತ್ತು. ಪದ್ಮಿನಿಯಮ್ಮ ಬಾಗಿಲ ಕಡೆಗೆ ಮುಖ ಮಾಡಿಕೊಂಡೇ ಹೋಗಿಬಿಟ್ಟಿದ್ದರು.

ಅರ್ಜಿಯ ಜೊತೆಗಿನ ಪ್ರಬಂಧದಲ್ಲಿ ಮೊದಲು ಇದನ್ನೇ ಬರೆದಿದ್ದಳು. ಅವಳಂತೆಯೇ ಅರ್ಜಿ ಹಾಕುವವರ ಆನ್‌ಲೈನ್ ಗುಂಪಿನವರು ಓದಿ, "ಕೊನೆ ಇಷ್ಟು ಕತ್ತಲಾಗಿದ್ದರೆ ಯಾರೂ ಸೀಟ್ ಕೊಡಲ್ಲ" ಎಂದರು. ಎರಡನೇ ಡ್ರಾಫ್ಟಿನಲ್ಲಿ ಒಂಬತ್ತು ನಿಮಿಷ ಐದಾಯಿತು. ನಾಲ್ಕನೆಯದರಲ್ಲಿ ಎರಡಾಯಿತು. ಐದನೆಯದರಲ್ಲಿ ಹಂಸಾ ಸಮಯಕ್ಕೆ ಸರಿಯಾಗಿ ಬಂದುಬಿಟ್ಟಳು. ಅದನ್ನೇ ಕಳಿಸಿದಳು.

ಆ ಭಾನುವಾರದ ಮೇಲೆ ಮಧ್ವೇಶ್ ದಿನವೂ ಬರತೊಡಗಿದ. ಆಫೀಸ್ ಮುಗಿಸಿ, ಎಕ್ಸ್‌ಪೋ ಸ್ಟೇಷನ್ನಿನಲ್ಲಿ ಎಂಆರ್‌ಟಿ ರೈಲು ಹತ್ತಿ, ಅವಳ ಫ್ಲ್ಯಾಟ್ ಬ್ಲಾಕಿನ ಕೆಳಗೆ ವಾಯ್ಡ್ ಡೆಕ್ ಎಂದು ಕರೆಯುವ ತೆರೆದ ಜಾಗಕ್ಕೆ. ಕಲ್ಲಿನ ಟೇಬಲ್ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತರೆ ಗಂಟೆಗಟ್ಟಲೆ ಪ್ರಶ್ನೆ.

"ಪ್ಯಾಶನೇಟ್ ಅನ್ನೋ ಪದ ಇನ್ನೊಂದ್ ಸಲ ಬಂದ್ರೆ ನಾನು ಎದ್ದು ಹೋಗ್ತೀನಿ."

"ಸರಿ ಲಾ!" ಹಂಸಾ ಬೆಡೋಕ್‌ನವರ ಹಾಗೆ ರಾಗ ಎಳೆದಳು. "ಅಷ್ಟು ಸಿಟ್ಟು ಯಾಕೆ?"

"ನಗಬೇಡಿ. ಡಾಕ್ಟರ್ ತಪ್ಪು ಡೋಸ್ ಬರೆದಿದಾರೆ. ಏನ್ ಮಾಡ್ತೀರಾ? ಒಂದು ನಿಮಿಷ. ಸ್ಟಾರ್ಟ್."

ಒರಟ! ಆದರೆ ಅವಳು ಶಿಫ್ಟ್ ಮುಗಿಸಿ ಊಟ ಮಾಡಿಲ್ಲವೆಂದು ಅವನಿಗೆ ಹೇಗೋ ಗೊತ್ತಾಗುತ್ತಿತ್ತು. ಬ್ಯಾಗಿನಿಂದ ಚಿತ್ರಾನ್ನದ ಡಬ್ಬಿ ತೆಗೆದು, ಮಾತಿಲ್ಲದೆ ಅವಳ ಕಡೆ ತಳ್ಳುತ್ತಿದ್ದ. ಮೂರನೇ ದಿನಕ್ಕೇ ಹಂಸಾ ಲಿಫ್ಟಿನ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳಲು ಶುರುಮಾಡಿದ್ದಳು.

ಪ್ರತಿದಿನ ಎದ್ದು ಹೋಗುವ ಮೊದಲು ಅವನದೊಂದು ಕೋರಿಕೆ.

"ಅಮ್ಮಂದು... ಇನ್ನೊಂದ್ ಸಲ ಹೇಳ್ತೀರಾ?"

ಆಗ ಮಾತ್ರ ಅವನು ಟೈಮರ್ ಹಾಕುತ್ತಿರಲಿಲ್ಲ.

ಅವಳು ಹೇಳುತ್ತಿದ್ದಳು. ಅವನು ಕೇಳಿದ್ದಕ್ಕೆಲ್ಲ ಉತ್ತರವನ್ನೂ ಕೊಡುತ್ತಿದ್ದಳು. ನೋವಿತ್ತಾ? ಇರಲಿಲ್ಲ. ನಕ್ಕರಾ? ಸ್ವಲ್ಪ. ದಿನಕ್ಕೊಂದು ಸುಳ್ಳು ಸೇರಿ, ಆ ಒಂದು ಬೆಳಿಗ್ಗೆ ಬೆಳೆಯುತ್ತಲೇ ಹೋಯಿತು. ಮೇಲೆ ಹೋಗಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. ನಾನು ಇವನನ್ನು ಪ್ರೀತಿಸ್ತಿದೀನಿ... ಇವನು ಪ್ರೀತಿಸ್ತಿರೋದು ಯಾರನ್ನ? ಆ ಐದನೇ ಡ್ರಾಫ್ಟಿನ ಹುಡುಗೀನಾ?

ಇಂಟರ್‌ವ್ಯೂಗೆ ಮೂರು ದಿನ ಇರುವಾಗ ಪದ್ಮಿನಿಯಮ್ಮನ ವರ್ಷದ ತಿಥಿ ಬಂತು. ಮಧ್ವೇಶ್ ಅವಳನ್ನು ತನ್ನ ಮನೆಗೆ ಊಟಕ್ಕೆ ಕರೆದ. ಬರಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಊಟವಾದ ಮೇಲೆ ಅವನು ಮೈಸೂರಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಅವಳ ಮುಂದೆ ಹಿಡಿದ. ತೆರೆಯ ಮೇಲೆ ಅವನ ತಂದೆ ವೆಂಕಟೇಶಮೂರ್ತಿ.

"ಇವಳೇನಪ್ಪಾ ಆ ಹುಡುಗಿ?" ಮುದುಕರು ಕನ್ನಡಕ ಸರಿಮಾಡಿಕೊಂಡರು. "ಹೆತ್ತ ಮಗ ಬಿಡ್ಬೇಕಾದ ನೀರು, ತಾಯಿ, ನೀನು ಬಿಟ್ಟೆ. ಅವಳು ಬಾಯಾರಿಕೇಲಿ ಹೋಗ್ಲಿಲ್ಲ ಅನ್ನೋದೊಂದೇ ನಂಗೆ ಸಮಾಧಾನ. ಎಲ್ಲಿ, ಆ ಕೈ ಸ್ವಲ್ಪ ತೋರ್ಸಮ್ಮ..."

ಹಂಸಾ ಬಲಗೈ ಎತ್ತಿದಳು. ಅವರು ಅದಕ್ಕೆ ಕೈಮುಗಿದರು.

ಕಾಲ್ ಮುಗಿಯುತ್ತಲೇ ಅವಳು ಕಾರಿಡಾರಿಗೆ ಓಡಿದಳು. ಮಧ್ವೇಶ್ ಹಿಂದೆಯೇ ಬಂದ.

"ಹಂಸಾ, ಏನಾಯ್ತು?"

"ನಾನು ನೀರು ಕೊಡ್ಲಿಲ್ಲ!"

"...ಏನು?"

"ಕೇಳಿ ಬರ್ತೀನಿ ಅಂತ ಹೋದೆ. ಒಂಬತ್ತು ನಿಮಿಷ ಆಯ್ತು. ಬಂದಾಗ ಅವರು ಇರ್ಲಿಲ್ಲ. ಕೈ ಹಿಡ್ಕೊಂಡಿದ್ದು, ನಕ್ಕಿದ್ದು, ಎಲ್ಲಾ ಸುಳ್ಳು ಮಧ್ವೇಶ್! ಸೀಟಿಗೋಸ್ಕರ ಬರೆದಿದ್ದೆ. ಆಮೇಲೆ ನಿಮ್ಮ ಮುಖ ನೋಡಿ..."

ಅವನ ಮುಖದ ಬಣ್ಣ ಇಳಿದುಹೋಯಿತು. ಕೈಯಲ್ಲಿದ್ದ ಫೋನ್ ನೋಡಿದ.

"ಅಪ್ಪ ಕೈಮುಗಿದ್ರಲ್ಲ," ಎಂದ. "ಅದನ್ನೂ ತಗೊಂಡ್ರಲ್ಲ ನೀವು."

"ಮಧ್ವೇಶ್..."

"ಹೋಗಿ. ಪ್ಲೀಸ್. ನನ್ ಕೈಲಿ ಏನಾದ್ರೂ ಅನ್ನಿಸ್ಬೇಡಿ."

ಬಾಗಿಲು ಮುಚ್ಚಿತು. ಅವಳು ಬೆಡೋಕ್‌ವರೆಗೂ ನಡೆದೇ ಬಂದಳು. ಅವನು ಫೋನ್ ಮಾಡಲಿಲ್ಲ. ವಾಯ್ಡ್ ಡೆಕ್‌ಗೂ ಬರಲಿಲ್ಲ.

ಬುಧವಾರ ಬೆಳಿಗ್ಗೆ ಏಳು ಗಂಟೆಗೆ ತೆರೆಯ ಮೇಲೆ ಕಾಲೇಜಿನ ಇಬ್ಬರು ಕಾಣಿಸಿಕೊಂಡರು. ಬಿಳಿಗೂದಲಿನ ಹೆಂಗಸು ನಗುತ್ತಾ ಕೇಳಿದರು, "ನಿಮ್ಮ ಪ್ರಬಂಧದಲ್ಲಿ ಒಬ್ಬ ತಾಯಿಯ ಬಗ್ಗೆ ಬರೆದಿದ್ದೀರಿ. ಅದನ್ನು ಓದಿ ನನಗೆ ಕಣ್ಣೀರು ಬಂತು. ಹೇಳಿ."

ಉತ್ತರ ಬಾಯಲ್ಲೇ ಇತ್ತು. ನೂರು ಸಲ ಹೇಳಿದ್ದು. ಹೇಳಿದ್ದರೆ ಸೀಟ್ ಅವಳದಾಗುತ್ತಿತ್ತೇನೋ...

"ನಾನು ಬರೆದದ್ದು ನಿಜವಲ್ಲ," ಎಂದಳು ಹಂಸಾ.

ಇನ್ನೊಬ್ಬರು ಬರೆಯುವುದನ್ನು ನಿಲ್ಲಿಸಿದರು. ಅವಳು ಒಂಬತ್ತು ನಿಮಿಷವನ್ನೂ ಹೇಳಿದಳು.

"ಹಾಗಿದ್ದರೆ ಈ ಓದು ನಿಮಗೆ ಯಾಕೆ ಬೇಕು?"

"ಕೇಳಿ ಬರ್ತೀನಿ ಅಂತ ಹೇಳಿ, ಸಾಯುವವರನ್ನು ಬಿಟ್ಟು ಓಡುವುದು ನನಗೆ ಸಾಕಾಗಿದೆ."

ಅವರು ಥ್ಯಾಂಕ್ಸ್ ಹೇಳಿದರು. ತೆರೆ ಕಪ್ಪಾಯಿತು.

ಶುಕ್ರವಾರ ನಾಲ್ಕು ಸಾಲಿನ ಈಮೇಲ್ ಬಂತು. ಅರ್ಜಿಯಲ್ಲಿ ಸುಳ್ಳು ಮಾಹಿತಿ ಇದ್ದ ಕಾರಣ ಅದನ್ನು ಮುಕ್ತಾಯಗೊಳಿಸಲಾಗಿದೆ... ಹಂಸಾ ಓದಿ, ಮೀರಾ ಆಂಟಿಗೆ ತಿಳಿಸಿ, ಫೋನ್ ಪಕ್ಕಕ್ಕಿಟ್ಟು, ಶಿಫ್ಟಿಗೆ ಹೋದಳು.

ಶನಿವಾರ ಸಂಜೆ ಕೆಲಸದಿಂದ ಬಂದಾಗ ಕಲ್ಲಿನ ಟೇಬಲ್ ಬಳಿ ಮಧ್ವೇಶ್ ಕೂತಿದ್ದ. ಗಡ್ಡ ಬಿಟ್ಟಿದ್ದ. ಅವಳ ಕಾಲು ಅಲ್ಲೇ ನಿಂತುಬಿಟ್ಟಿತು.

"ಮೀರಾ ಆಂಟಿ ಹೇಳಿದ್ರು. ಅಲ್ಲೂ ನಿಜ ಹೇಳ್ಬಿಟ್ರಂತೆ."

"ಹೂಂ."

"ಸೀಟ್ ಹೋಗತ್ತೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಮತ್ಯಾಕೆ?"

"ನಿಮ್ಮಮ್ಮನ್ನ ಇನ್ನೊಂದ್ ಸಲ ಮಾರೋಕೆ ಆಗ್ಲಿಲ್ಲ."

ಅವನು ತಲೆ ತಗ್ಗಿಸಿದ. ಮೇಲೆ ಯಾರದೋ ಮನೆಯಲ್ಲಿ ಟಿವಿ ಕೂಗುತ್ತಿತ್ತು.

"ಕೂತ್ಕೊಳಿ. ನಾನೊಂದು ಹೇಳ್ಬೇಕು. ಯಾರಿಗೂ ಹೇಳಿಲ್ಲ." ಅವನು ತನ್ನ ಕೈಗಳನ್ನೇ ನೋಡುತ್ತಾ ಹೇಳಿದ. "ಆವತ್ತು ಬೆಳಿಗ್ಗೆ ಆರೂವರೆಗೆ ಹಾಸ್ಪಿಟಲ್‌ನಿಂದ ಕಾಲ್ ಬಂತು. ಮೂರು ಸಲ. ನಾನು ಟ್ರೈನಲ್ಲಿದ್ದೆ. ನಂಬರ್ ನೋಡ್ದೆ, ಹಂಸಾ. ಯಾವುದೋ ಫಾರ್ಮ್ ಸೈನ್ ಇರ್ಬೇಕು, ಮೀಟಿಂಗ್ ಆದ್ಮೇಲೆ ಮಾಡೋಣ ಅಂತ ಸೈಲೆಂಟ್ ಮಾಡ್ದೆ. ಬಿಪಿ ಇಳೀತಿದೆ, ಬನ್ನಿ ಅಂತ ಹೇಳೋಕೆ ಮಾಡಿದ್ರಂತೆ. ಅಪ್ಪನಿಗೆ ಸಿಗ್ನಲ್ ಇರ್ಲಿಲ್ಲ ಅಂದೆ."

"ಅಯ್ಯೋ..."

"ನಿಮ್ಮ ಉತ್ತರ ದಿನಾ ಯಾಕೆ ಕೇಳ್ತಿದ್ದೆ ಗೊತ್ತಾ? ಅದ್ರಲ್ಲಿ ಯಾರೋ ಒಬ್ರು ಟೈಮಿಗೆ ಬರ್ತಿದ್ರು."

ಹಂಸಾಳ ಕಣ್ಣು ತುಂಬಿ ಹರಿಯಿತು. ಅವನೂ ಒರೆಸಿಕೊಳ್ಳಲಿಲ್ಲ.

"ಈಗ ನಿಜ ಹೇಳಿ," ಎಂದ. "ಒಂದೂ ಬಿಡದೆ."

ಹೇಳಿದಳು. ಹಾಸಿಗೆ, ತುಟಿ, ನರ್ಸ್, ಅಜ್ಜ, ತುಂಬಿದ ಕಪ್, ಬಾಗಿಲ ಕಡೆ ತಿರುಗಿದ್ದ ಮುಖ, ಆಮೇಲೆ ಬರೆದ ಐದು ಡ್ರಾಫ್ಟು. ಅವನು ಹಲ್ಲು ಕಚ್ಚಿ ಕೇಳಿದ.

"ಅಮ್ಮ ಬಾಯ್ಬಿಟ್ಟು ಹೇಳಿದ್ರಾ? ನೀರು ಅಂತ?"

"ಹೇಳಿದ್ರು. ಸ್ಪಷ್ಟವಾಗಿ."

"ನನ್ ಹತ್ರ ನಲವತ್ತು ದಿನ ಒಂದಕ್ಷರ ಆಡ್ಲಿಲ್ಲ," ಎಂದು ಅವನು ಬಿಕ್ಕಿದ. "ಇಡೀ ವಾರ್ಡ್‌ನಲ್ಲಿ ಆ ಕನ್ನಡ ಮಾತು ಅರ್ಥ ಆಗಿದ್ದು ನಿನಗೊಬ್ಬಳಿಗೆ... ಆದ್ರೂ ಬಾಯಾರಿಕೇಲೇ ಹೋದ್ರಲ್ಲ."

ಇನ್ನು ಮೇಲೆ ಮಾತು ಕಟ್ಟುವ ಇಷ್ಟ ಅವಳಿಗಿರಲಿಲ್ಲ. ಎದ್ದು ಅವನ ಪಕ್ಕಕ್ಕೆ ಬಂದು ಕೂತಳು.

"ನಾಳೆ ಅಪ್ಪನಿಗೆ ಎರಡೂ ಹೇಳ್ಬೇಕು," ಎಂದ ಕಣ್ಣೊರೆಸಿಕೊಂಡು. "ನಿಂದೂ, ನಂದೂ. ಒಬ್ಬನ ಕೈಲಿ ಆಗಲ್ಲ. ಬರ್ತೀಯಾ?"

"ನನ್ನ ಮುಖ ನೋಡಲ್ಲ ಅಂತಾರೆ."

"ನನ್ನದೂ ನೋಡಲ್ಲ ಅನ್ಬಹುದು. ಆದ್ರೂ ಹೇಳೋಣ."

"ನಿಮಗೆ ನನ್ನ ಮೇಲೆ ಕೋಪ ಇಲ್ವಾ?"

"ಇದೆ. ಇನ್ನೂ ತುಂಬ ದಿನ ಇರತ್ತೆ." ಅವನು ಮೊದಲ ಸಲ ಅವಳ ಕಡೆ ತಿರುಗಿದ. "ಅದ್ರ ಜೊತೆ ಪ್ರೀತೀನೂ ಇದೆಯಲ್ಲ, ಅದನ್ನ ಏನ್ ಮಾಡ್ಲಿ?"

ಹಂಸಾ ಅವನನ್ನೇ ನೋಡಿದಳು. "ಐದನೇ ಡ್ರಾಫ್ಟಿನವಳ ಮೇಲಲ್ಲ ತಾನೇ?"

"ಅವಳು ಯಾರೋ ನಂಗೆ ಗೊತ್ತಿಲ್ಲ. ಒಂಬತ್ತು ನಿಮಿಷ ಲೇಟಾಗಿ ಬಂದವಳ ಮೇಲೆ."

ಅವಳು ಅವನ ಭುಜಕ್ಕೆ ಹಣೆಯಿಟ್ಟು ಅತ್ತಳು.

"ನಾಳೆ ಎಷ್ಟೊತ್ತಿಗೆ ಬರ್ಲಿ?"

"ಹತ್ತಕ್ಕೆ. ನಾನೇ ಬಂದು ಕರ್ಕೊಂಡ್ ಹೋಗ್ತೀನಿ."