ನಿಮಿಷಕ್ಕೆ ಅರವತ್ತೆಂಟು ಟಿಕ್

“ಸಹಿ ಹಾಕಲ್ಲ ಅಂದ್ರೆ ಹಾಕಲ್ಲ,” ಎಂದಳು ದೊಡ್ಡಮ್ಮ, ಕಡ್ಡಿ ಮುರಿದ ಹಾಗೆ. ಒಂದು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯಲೂ ಇಲ್ಲ. ಚಿಮಟದಲ್ಲಿ ಹಿಡಿದ ಪುಟ್ಟ ಹಲ್ಲುಚಕ್ರವನ್ನು ಯಾರದೋ ಕೈಗಡಿಯಾರದ ಹೊಟ್ಟೆಯೊಳಗೆ ಕೂರಿಸುತ್ತಿದ್ದಳು.

“ಒಂದೇ ಒಂದು ಸಹಿ, ದೊಡ್ಡಮ್ಮ.”

“ಜೀರಿಗೆ, ಆ ಕಾಗದ ತೆಗಿ. ಬೆಳಕಿಗೆ ಅಡ್ಡ ಬರ್ತಿದೆ.”

ಜೀರಿಗೆ ಅವಳ ನಿಜವಾದ ಹೆಸರಲ್ಲ. ಹುಟ್ಟಿದಾಗ ಅಷ್ಟೇ ಅಷ್ಟಿದ್ದಳಂತೆ, ಅದಕ್ಕೇ ಆ ಹೆಸರು ಅಂಟಿಕೊಂಡಿತು. ಐದನೇ ಕ್ಲಾಸಿಗೆ ಬಂದರೂ ಸಾಲಿನಲ್ಲಿ ಮೊದಲು ನಿಲ್ಲುವವಳು ಅವಳೇ. ಆದರೆ ಬಾಯಿ ಮಾತ್ರ ಜೀರಿಗೆಯಷ್ಟಲ್ಲ. ಈಗಿನ ಫಜೀತಿಗೆಲ್ಲ ಆ ಬಾಯಿಯೇ ಕಾರಣ.

ಏನಾಗಿತ್ತು ಅಂದರೆ, ಮೂವತ್ತೊಂದು ವರ್ಷದ ಹಿಂದೆ ದೊಡ್ಡಮ್ಮ ಮತ್ತು ಅವಳ ಇಬ್ಬರು ಗೆಳತಿಯರು ಸೇರಿ ಒಂದು ಬ್ಯಾಂಡ್ ಕಟ್ಟಿದ್ದರು. ಒಬ್ಬಳು ಗಿಟಾರ್, ಒಬ್ಬಳು ಡ್ರಮ್ಮಿನ ಬದಲು ಬಿಸ್ಕತ್ತಿನ ಡಬ್ಬ, ದೊಡ್ಡಮ್ಮ ಹಾಡುಗಾರ್ತಿ. ತಾತ ಊಟಕ್ಕೆ ಹೋದಾಗ ಈ ಗಡಿಯಾರದ ಅಂಗಡಿಯಲ್ಲೇ ಅವರ ಪ್ರಾಕ್ಟೀಸು. ಅದಕ್ಕೇ ಬ್ಯಾಂಡಿನ ಹೆಸರು ‘ಊಟದ ಬಿಡುವು’.

ಆರು ಹಾಡು ರೆಕಾರ್ಡ್ ಮಾಡಿದರು. ನಲವತ್ತು ಕ್ಯಾಸೆಟ್ ಮಾಡಿ ಹಂಚಿದರು. ಆಮೇಲೆ ಬ್ಯಾಂಡ್ ನಿಂತೇ ಹೋಯಿತು. ಆದರೆ ಕ್ಯಾಸೆಟ್ಟುಗಳು ಸುಮ್ಮನೆ ಕೂರಲಿಲ್ಲ. ಒಬ್ಬರಿಂದ ಒಬ್ಬರಿಗೆ, ಕಾಪಿಯಿಂದ ಕಾಪಿಗೆ ಹೋಗಿ ಅಲ್ಲೊಬ್ಬರು ಇಲ್ಲೊಬ್ಬರು ಅಭಿಮಾನಿಗಳು ಹುಟ್ಟಿಕೊಂಡರು. ಕಟಿಂಗ್ ಶಾಪಿನ ಅಣ್ಣ, ಲೈಬ್ರರಿ ಮೇಡಂ, ಸ್ಕೂಲ್ ಬಸ್ಸಿನ ಡ್ರೈವರ್ ಮಾಮ, ಎಲ್ಲ ಸೇರಿ ಹದಿನೇಳು ಜನ. ಎರಡನೇ ಹಾಡಿನ ಮಧ್ಯೆ ಕೆಮ್ಮಿದ್ದು ಯಾರು ಅಂತ ಅವರು ಈಗಲೂ ಜಗಳ ಆಡುತ್ತಿದ್ದರು.

ಈಗ ಒಂದು ಚಿಕ್ಕ ಕಂಪನಿಯವರು ಆ ಆರೂ ಹಾಡುಗಳನ್ನು ದೊಡ್ಡ ಕಪ್ಪು ರೆಕಾರ್ಡಿನ ಮೇಲೆ ಮತ್ತೆ ತರುತ್ತೇವೆ ಎಂದಿದ್ದರು. ಮೂವರೂ ಸಹಿ ಹಾಕಬೇಕು, ಅಷ್ಟೇ. ಗಿಟಾರಿನವಳು ಈಗ ಹಲ್ಲಿನ ಡಾಕ್ಟರು, ಅವಳು ಹಾಕಿದಳು. ಡಬ್ಬ ಬಾರಿಸುತ್ತಿದ್ದವಳು ಹಡಗಿನ ಇಂಜಿನಿಯರು, ಅವಳೂ ಕಳಿಸಿದಳು. ಉಳಿದಿದ್ದು ದೊಡ್ಡಮ್ಮ. ಶುಕ್ರವಾರ ಕೊನೆಯ ದಿನ.

ನಿನ್ನೆ ಬಸ್ಸಿನಲ್ಲಿ ಡ್ರೈವರ್ ಮಾಮ ಕನ್ನಡಿಯಲ್ಲಿ ನೋಡುತ್ತಾ ಕೇಳಿದ್ದ. “ಏನಮ್ಮ ಜೀರಿಗೆ, ದೊಡ್ಡಮ್ಮನ ಸಹಿ ಆಯ್ತಾ?”

ಬಸ್ಸಿನ ಮಕ್ಕಳೆಲ್ಲ ಅವಳತ್ತ ತಿರುಗಿದ್ದರು. ಅಷ್ಟು ಜನ ಒಟ್ಟಿಗೆ ತಿರುಗಿದರೆ ಯಾರಿಗೆ ತಾನೇ ಬಾಯಿ ಜಾರುವುದಿಲ್ಲ?

“ಆಯ್ತು,” ಎಂದುಬಿಟ್ಟಿದ್ದಳು ಜೀರಿಗೆ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಡ್ರೈವರ್ ಮಾಮ ಖುಷಿಗೆ ಮೂರು ಸಲ ಹಾರ್ನ್ ಹೊಡೆದ. ಸಂಜೆಯ ಹೊತ್ತಿಗೆ ಹದಿನೇಳೂ ಜನಕ್ಕೆ ಸುದ್ದಿ ಮುಟ್ಟಿತ್ತು.

“ಯಾಕೆ ಹಾಕಲ್ಲ, ಅದಾದ್ರೂ ಹೇಳು,” ಎಂದಳು ಜೀರಿಗೆ ಈಗ, ಅಳು ತಡೆದುಕೊಂಡು.

ದೊಡ್ಡಮ್ಮ ಭೂತಗನ್ನಡಿ ತೆಗೆದಳು. ಕಣ್ಣಿನ ಸುತ್ತ ಕೆಂಪು ಬಳೆಯಂತೆ ಗುರುತು ಬಿದ್ದಿತ್ತು.

“ಆ ಕ್ಯಾಸೆಟ್ ಮೊದಲ ಸಲ ಗಿಟಾರಿನವಳ ಮನೆಯಲ್ಲಿ ಹಾಕಿ ಕೇಳಿದಾಗ ನನ್ನ ದನಿ ಇಲಿಮರಿ ಕೂಗಿದ ಹಾಗಿತ್ತು ಕಣೇ. ಅವರಿಬ್ಬರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅರ್ಧ ಹಾಡಿಗೇ ಎದ್ದು ಬಂದೆ. ಓಹೋ, ನನ್ನ ದನಿ ಹೊರಗಿನವರಿಗೆ ಹೀಗಾ ಕೇಳಿಸೋದು ಅಂತ ಗೊತ್ತಾಯ್ತಲ್ಲ, ಆಮೇಲೆ ಬಾಯಿ ತೆಗೆಯೋಕೆ ನಾಚಿಕೆ ಆಯ್ತು. ಮತ್ತೆ ಹಾಡಲಿಲ್ಲ, ಅದನ್ನ ಕೇಳಲೂ ಇಲ್ಲ. ಈಗ ಊರಿಗೆಲ್ಲ ಕೇಳಿಸ್ಲಾ?”

ಜೀರಿಗೆ ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿದಳು. ದೊಡ್ಡಮ್ಮನದು ದಪ್ಪ ದನಿ. ಫೋನ್ ಎತ್ತಿದರೆ ಗಿರಾಕಿಗಳು “ಹಲೋ ಸಾರ್” ಅನ್ನುತ್ತಿದ್ದರು. ಆ ದನಿಗೂ ಇಲಿಮರಿಗೂ ಎಲ್ಲಿಂದೆಲ್ಲಿಗೆ?

ಮರುದಿನ ಸಂಜೆ ಬಸ್ಸಿನಲ್ಲಿ ಮಕ್ಕಳೆಲ್ಲ ಇಳಿದರು. ಜೀರಿಗೆಯದು ಕೊನೆಯ ಸ್ಟಾಪು. ಅಂಗಡಿಯ ಮುಂದೆ ಬಸ್ ನಿಂತರೂ ಅವಳು ಇಳಿಯಲಿಲ್ಲ.

“ಮಾಮ, ಒಂದು ವಿಷಯ. ಸಹಿ ಆಗಿಲ್ಲ. ನಾನು ಸುಳ್ಳು ಹೇಳಿದೆ.”

ಅವನು ಬೈಯುತ್ತಾನೆ ಅಂದುಕೊಂಡಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಇಂಜಿನ್ ಆಫ್ ಮಾಡಿ ಸ್ಟಿಯರಿಂಗ್ ಮೇಲೆ ಕೈಯಿಟ್ಟ.

“ಹೋಗ್ಲಿ ಬಿಡಮ್ಮ,” ಎಂದ. “ಇಪ್ಪತ್ತು ವರ್ಷ ಈ ಸವೆದ ಕ್ಯಾಸೆಟ್ಟಲ್ಲೇ ಕೇಳಿದ್ದೀನಿ. ಇನ್ನೂ ಇಪ್ಪತ್ತು ವರ್ಷ ಕೇಳ್ತೀನಿ.” ಸೀಟಿನ ಪಕ್ಕದಲ್ಲಿದ್ದ ಹಳೆಯ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ.

ಮೊದಲ ಒಂದೆರಡು ನಿಮಿಷ ಹಾಡಿರಲಿಲ್ಲ. ಗಿಟಾರಿನವಳು ತಂತಿ ಬಿಗಿ ಮಾಡಿಕೊಳ್ಳುವ ಸದ್ದು, ಯಾರೋ ನಗುವ ಸದ್ದು, ಹಿಂದೆ ಗಡಿಯಾರದ ಟಿಕ್, ಟಿಕ್, ಟಿಕ್. ಜೀರಿಗೆಯ ಬೆರಳು ತನ್ನಷ್ಟಕ್ಕೇ ಮೊಣಕಾಲಿನ ಮೇಲೆ ತಾಳ ಹಾಕತೊಡಗಿತು.

ಗಡಿಯಾರದ ಅಂಗಡಿಯ ಹುಡುಗಿಗೆ ಟಿಕ್ ಕೇಳಿದರೆ ಎಣಿಸದೆ ಇರಲಾಗದು. ರಿಪೇರಿಯಾದ ಪ್ರತಿ ಗೋಡೆ ಗಡಿಯಾರವೂ ಅಂಗಡಿಯ ಟೆಸ್ಟ್ ಮೊಳೆಯ ಮೇಲೆ ಒಂದು ವಾರ ತೂಗಬೇಕು. ಉದ್ದ ಲೋಲಕದ್ದಾದರೆ ಸೆಕೆಂಡಿಗೆ ಒಂದು ಟಿಕ್, ನಿಮಿಷಕ್ಕೆ ಸರಿಯಾಗಿ ಅರವತ್ತು. ಶಾಲೆ ಬಿಟ್ಟ ಮೇಲೆ ಕೈಗಡಿಯಾರ ಹಿಡಿದು ಎಣಿಸುವ ಕೆಲಸ ಜೀರಿಗೆಯದೇ.

ಅವಳು ಕೈಗಡಿಯಾರ ನೋಡುತ್ತಾ ಎಣಿಸಿದಳು. ಅರವತ್ತೆಂಟು.

“ಮಾಮ, ಇನ್ನೊಂದು ಸಲ ಹಾಕಿ.”

ಮತ್ತೆ ಅರವತ್ತೆಂಟು. ಮೂರನೇ ಸಲವೂ ಅಷ್ಟೇ.

“ಇದು ಯಾವ ಗಡಿಯಾರ?”

“ಅಯ್ಯೋ, ಅದು ಗೊತ್ತಿಲ್ಲದ ಫ್ಯಾನ್ ಯಾರಿದ್ದಾರೆ?” ಎಂದ ಡ್ರೈವರ್ ಮಾಮ. “ರೆಕಾರ್ಡ್ ಮಾಡೋವಾಗ ಅಂಗಡಿಯ ಗಡಿಯಾರಗಳನ್ನೆಲ್ಲ ನಿಲ್ಲಿಸಿದ್ರಂತೆ. ಟೆಸ್ಟ್ ಮೊಳೆ ಮೇಲಿದ್ದ ಉದ್ದ ಲೋಲಕದ್ದನ್ನ ಮಾತ್ರ ಮುಟ್ಟಲಿಲ್ಲ. ತಲೆ ಮೇಲೆ ತಲೆ ಬಿದ್ರೂ ಆ ಮೊಳೆಯ ಗಡಿಯಾರ ನಿಲ್ಲಿಸಬಾರದು ಅಂತ ನಿಮ್ಮ ತಾತನ ಕಟ್ಟಪ್ಪಣೆಯಂತೆ.”

ತಾತ ರಿಪೇರಿ ಮಾಡಿದ ಗಡಿಯಾರ ಅಷ್ಟು ತಪ್ಪಾಗಿ ಓಡಲು ಸಾಧ್ಯವೇ ಇಲ್ಲ. ಅಂದರೆ ಅವಸರ ಮಾಡುತ್ತಿರುವುದು ಗಡಿಯಾರವಲ್ಲ, ಕ್ಯಾಸೆಟ್ಟು. ಕ್ಯಾಸೆಟ್ಟೇ ಓಡುತ್ತಿದ್ದರೆ ಅದರೊಳಗಿನ ಟಿಕ್ ಓಡಿತು, ಗಿಟಾರ್ ಓಡಿತು, ಮತ್ತೆ ದೊಡ್ಡಮ್ಮನ ದನಿ?

“ಮಾಮ, ಹೋಗಬೇಡಿ. ಇಲ್ಲೇ ಇರಿ.” ಅವಳು ಬಸ್ಸಿನಿಂದ ಧುಮುಕಿದಳು.

ಬಾಗಿಲ ತನಕ ಓಡಿದವಳು ಅಲ್ಲೇ ನಿಂತಳು. ಹಾಡು ಕೇಳು ಬಾ ಎಂದರೆ ದೊಡ್ಡಮ್ಮ ಖಂಡಿತ ಬರುವುದಿಲ್ಲ. ಜೀರಿಗೆ ಉಸಿರು ಎಳೆದುಕೊಂಡು, ಏನೂ ಆಗದವಳಂತೆ ಒಳಗೆ ಹೋದಳು.

“ದೊಡ್ಡಮ್ಮ, ತಾತನ ಟೆಸ್ಟ್ ಮೊಳೆ ಮೇಲಿದ್ದ ಗಡಿಯಾರ ನಿಮಿಷಕ್ಕೆ ಎಂಟು ಸೆಕೆಂಡ್ ಮುಂದೆ ಓಡ್ತಿತ್ತು.”

ಚಿಮಟ ನಿಂತಿತು. “ಯಾರು ಹೇಳಿದ್ದು?”

“ಕ್ಯಾಸೆಟ್ಟೇ ಹೇಳ್ತು. ಮೂರು ಸಲ ಎಣಿಸಿದೆ.”

“ನಿನ್ನ ತಲೆ. ಅದು ಆಸ್ಪತ್ರೆಯವರು ರಿಪೇರಿಗೆ ಕೊಟ್ಟಿದ್ದ ಗಡಿಯಾರ ಕಣೇ. ಅದರ ಮುಂದೆ ನಮ್ಮಪ್ಪ ನಾಲ್ಕು ದಿನ ತಪಸ್ಸಿಗೆ ಕೂತ ಹಾಗೆ ಕೂತಿದ್ರು. ವಾರಕ್ಕೆ ಎರಡು ಸೆಕೆಂಡೂ ತಪ್ಪುತ್ತಿರಲಿಲ್ಲ.”

“ಎಂಟು ಸೆಕೆಂಡ್. ನಿಮಿಷಕ್ಕೆ.”

“ಎಲ್ಲಿದೆ ಆ ಕ್ಯಾಸೆಟ್ಟು?” ದೊಡ್ಡಮ್ಮ ಎದ್ದೇಬಿಟ್ಟಳು. “ನನ್ನ ದನಿ ಹಾಳಾಗಿ ಹೋಗ್ಲಿ. ನಮ್ಮಪ್ಪನ ಗಡಿಯಾರದ ಮೇಲೆ ಮಾತು ಬರಬಾರದು.”

ತನ್ನ ಬಸ್ಸಿನೊಳಗೆ ಊಟದ ಬಿಡುವಿನ ಹಾಡುಗಾರ್ತಿ ಹತ್ತಿ ಬಂದದ್ದು ನೋಡಿ ಡ್ರೈವರ್ ಮಾಮ ಎದ್ದು ನಿಂತ. ಅಂಗಿಯ ತೋಳಿನಿಂದಲೇ ಸೀಟು ಒರೆಸಿದ.

“ಕೂತ್ಕೊಳ್ಳಿ ಅಕ್ಕ.”

“ಹಾಡು ಬೇಡ. ಟಿಕ್ ಮಾತ್ರ ಕೇಳಿಸಿ,” ಎಂದಳು ದೊಡ್ಡಮ್ಮ ಬಿಗಿಯಾಗಿ.

ಅವಳು ಕಣ್ಣು ಮುಚ್ಚಿ ಎಣಿಸಿದಳು. ಜೀರಿಗೆ ಗಡಿಯಾರ ಹಿಡಿದಳು. ನಿಮಿಷ ಮುಗಿದಾಗ ದೊಡ್ಡಮ್ಮ ಕಣ್ಣು ತೆರೆದಳು. “ಅರವತ್ತೆಂಟು,” ಎಂದಳು ಮೆಲ್ಲಗೆ. “ನಿಮ್ಮ ಈ ಟೇಪ್ ರೆಕಾರ್ಡರಿನದೇ ತಪ್ಪಿರಬೇಕು.”

“ಕಂಪನಿಯವರಿಗೇ ಕೇಳೋಣ ಅಕ್ಕ. ಅವರ ಹತ್ರ ಮೊದಲನೇ ಟೇಪೇ ಇದೆ.” ಡ್ರೈವರ್ ಮಾಮ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ದೊಡ್ಡಮ್ಮ ಹೇಳಿದಂತೆ ಕಂಪನಿಯವನು ಟೇಪನ್ನು ಅವರ ದೊಡ್ಡ ಮಶೀನಿನಲ್ಲಿ ಹಾಕಿ ಟಿಕ್ ಎಣಿಸಿದ. ಬಸ್ಸಿನಲ್ಲಿ ಮೂವರೂ ಉಸಿರು ಬಿಗಿಹಿಡಿದು ಕಾದರು.

“ಅರವತ್ತೆಂಟು ಮೇಡಂ. ಯಾಕೆ, ಏನಾಯ್ತು?” ಎಂದಿತು ಫೋನು.

ದೊಡ್ಡಮ್ಮ ಏನೋ ನೆನಪಾದವಳಂತೆ ಹಣೆಗೆ ಕೈ ಹಚ್ಚಿದಳು. “ಅವತ್ತು ಮನೆಯ ಹಳೇ ಟೇಪ್ ರೆಕಾರ್ಡರ್ ತಂದಿದ್ವಿ. ಅದರ ಬೆಲ್ಟು ಸಡಿಲ. ಬಳಲಿಕೊಂಡು ಬಳಲಿಕೊಂಡು ಸುತ್ತುತ್ತಿತ್ತು. ರೆಕಾರ್ಡ್ ಮಾಡೋವಾಗ ಟೇಪು ನಿಧಾನ ಓಡಿ, ಕೇಳೋವಾಗ ಸರಿಯಾಗಿ ಓಡಿದ್ರೆ…”

“ಹಾಡು ಗಡಿಬಿಡಿ ಮಾಡುತ್ತೆ,” ಎಂದಳು ಜೀರಿಗೆ. “ದನಿ ಸಣ್ಣ ಆಗುತ್ತೆ.”

“ನನ್ನ ಸ್ಕ್ರೂಡ್ರೈವರ್ ತಗೊಂಡು ಬಾ. ಅತಿ ಚಿಕ್ಕದು.”

ಜೀರಿಗೆ ತಂದಳು. ದೊಡ್ಡಮ್ಮ ಭೂತಗನ್ನಡಿಯನ್ನು ಕಣ್ಣಿಗೇರಿಸಿ ಟೇಪ್ ರೆಕಾರ್ಡರಿನ ಬೆನ್ನು ಬಿಚ್ಚಿದಳು. ಒಳಗೆ ಮೋಟಾರಿನ ಹಿಂದೆ, ಓಟ ಹೆಚ್ಚು ಕಡಿಮೆ ಮಾಡುವ ಒಂದು ಪುಟ್ಟ ತಿರುಪು ಇತ್ತು. ಅದನ್ನು ಕೂದಲೆಳೆಯಷ್ಟು ತಿರುಗಿಸಿದಳು. ಎಣಿಸಿದರು, ಅರವತ್ತನಾಲ್ಕು. ಇನ್ನಷ್ಟು ತಿರುಗಿಸಿದಳು. ಅರವತ್ತೊಂದು. ಡ್ರೈವರ್ ಮಾಮನ ಹಣೆ ಬೆವರಿತು. ಇನ್ನೊಂದು ಚೂರು.

“ಅರವತ್ತು,” ಎಂದರು ದೊಡ್ಡಮ್ಮ, ಜೀರಿಗೆ ಇಬ್ಬರೂ ಒಟ್ಟಿಗೆ.

ಯಾರೂ ಗುಂಡಿ ಒತ್ತಿ ನಿಲ್ಲಿಸಲಿಲ್ಲ. ತಂತಿ ಬಿಗಿ ಮಾಡುವ ಸದ್ದು ಮುಗಿಯಿತು, ನಗು ಮುಗಿಯಿತು, ಹಾಡು ಶುರುವಾಯಿತು.

ತುಂಬಿದ ಕೊಡದಂಥ ದನಿ. ಅವಸರವಿಲ್ಲದ, ದಪ್ಪಗಿನ, ಬೆಚ್ಚಗಿನ ದನಿ. ಅದು ಬಸ್ಸಿನ ಮುಂದಿನ ಸೀಟಿನಿಂದ ಹಿಂದಿನ ಸೀಟಿನ ತನಕ ತುಂಬಿಕೊಂಡಿತು. ಜೀರಿಗೆಯ ತೋಳಿನ ರೋಮಗಳು ಎದ್ದು ನಿಂತವು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಕುಣಿಯಬೇಕೋ ಅಳಬೇಕೋ ತಿಳಿಯಲಿಲ್ಲ.

“ಇದು ಯಾರು ಹಾಡ್ತಿರೋದು?” ಎಂದ ಡ್ರೈವರ್ ಮಾಮ, ಬಿಟ್ಟ ಬಾಯಿ ಬಿಟ್ಟಂತೆಯೇ.

“ನಾನು,” ಎಂದಳು ದೊಡ್ಡಮ್ಮ. ಅವಳ ಕಣ್ಣು ತುಂಬಿ ಬಂದಿತ್ತು. “ಇದು ನಾನೇ.”

ಆರೂ ಹಾಡು ಮುಗಿಯುವವರೆಗೆ ಅವರು ಅಲ್ಲಿಂದ ಏಳಲಿಲ್ಲ. ಕೊನೆಗೆ ಡ್ರೈವರ್ ಮಾಮ ಗಂಟಲು ಸರಿಮಾಡಿಕೊಂಡ. “ಅಕ್ಕ, ಇಪ್ಪತ್ತು ವರ್ಷದಿಂದ ನಿಮ್ಮ ಜೊತೆ ಹಾಡೋಕೆ ಹೋಗಿ ಏದುಸಿರು ಬಿಡ್ತಿದ್ದೆ. ವಯಸ್ಸಾಯ್ತು ಅಂದ್ಕೊಂಡು ಡಾಕ್ಟರ ಹತ್ರಾನೂ ಹೋಗಿದ್ದೆ.”

ದೊಡ್ಡಮ್ಮ ಗಹಗಹಿಸಿ ನಕ್ಕಳು. ಆಮೇಲೆ ಜೀರಿಗೆಯ ಕಡೆ ಕೈ ಚಾಚಿದಳು. “ಎಲ್ಲಿ ಆ ಕಾಗದ?”

ಸಹಿಯ ಕೆಳಗೆ ಒಂದು ಸಾಲನ್ನೂ ಬರೆದಳು. ‘ನಿಮಿಷಕ್ಕೆ ಅರವತ್ತು ಟಿಕ್ ಇದ್ದರೆ ಮಾತ್ರ.’

ಹದಿನೇಳು ಅಭಿಮಾನಿಗಳಲ್ಲಿ ದೊಡ್ಡ ಗಲಾಟೆಯೇ ಆಯಿತು. “ನಮ್ಮ ಹಾಡು ನಮಗೆ ಮೊದಲಿದ್ದ ಹಾಗೇ ಇರ್ಲಿ, ಯಾರು ಕೇಳಿದ್ರು ಇವರನ್ನ ಸರಿ ಮಾಡಿ ಅಂತ?” ಎಂದು ಕಟಿಂಗ್ ಶಾಪಿನ ಅಣ್ಣ ಎರಡು ದಿನ ಮುಖ ಊದಿಸಿಕೊಂಡಿದ್ದ. ಎರಡು ತಿಂಗಳ ಮೇಲೆ ರೆಕಾರ್ಡ್ ಬಂತು. ಲೈಬ್ರರಿ ಮೇಡಂ ಓದುವ ಕೋಣೆಯಲ್ಲೇ ಅದನ್ನು ಹಾಕಿದರು. ಮೊದಲ ಹಾಡು ಮುಗಿದಾಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹೊಡೆಯುವುದೇ ಮರೆತುಹೋಗಿತ್ತು. ಕಟಿಂಗ್ ಶಾಪಿನ ಅಣ್ಣ ಎದ್ದು ಹೋಗಿ ಅದನ್ನೇ ಇನ್ನೊಮ್ಮೆ ಹಾಕಿದ. ಆಮೇಲೆ ಬಿದ್ದ ಚಪ್ಪಾಳೆಗೆ ಹೊರಗೆ ರಸ್ತೆಯಲ್ಲಿ ಹೋಗುವವರೂ ನಿಂತು ನೋಡಿದರು. ‘ಇಲ್ಲಿ ಸದ್ದು ಮಾಡಬೇಡಿ’ ಎಂಬ ಬೋರ್ಡಿನ ಕೆಳಗೆ ನಿಂತು ಜೀರಿಗೆ ಎರಡು ಬೆರಳಿಟ್ಟು ಸಿಳ್ಳೆ ಹೊಡೆದಳು.

ಒಂದು ಹಾಡು ಹಾಡಿ ಅಂತ ಎಲ್ಲರೂ ದೊಡ್ಡಮ್ಮನಿಗೆ ದುಂಬಾಲು ಬಿದ್ದರು. “ಹೋಗ್ರಪ್ಪ, ಅಂಗಡಿ ತೆಗೀಬೇಕು,” ಎಂದು ಅವಳು ನಗುತ್ತಾ ಜಾರಿಕೊಂಡಳು.

ಸೋಮವಾರ ಸಂಜೆ ಬಸ್ ಇಳಿದು ಜೀರಿಗೆ ಎಂದಿನಂತೆ ಅಂಗಡಿಗೆ ಬಂದಳು. ಬಾಗಿಲು ಮುಂದೆ ಮಾಡಿತ್ತು. ಮೆಟ್ಟಿಲ ಮೇಲೆ ಯಾರೋ ಒಬ್ಬ ಗಿರಾಕಿ ನಿಂತುಹೋದ ಅಲಾರಂ ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಒಳಗಿನಿಂದ ದನಿ ಬರುತ್ತಿತ್ತು. ರೆಕಾರ್ಡಿನದಲ್ಲ. ಜೀರಿಗೆ ಇದುವರೆಗೂ ಕೇಳಿರದ ಹೊಸ ಹಾಡು. ಅದಕ್ಕಿನ್ನೂ ಪೂರ್ತಿ ಮಾತು ಹುಟ್ಟಿರಲಿಲ್ಲ. ಎರಡು ಸಾಲು ಹಾಡಿ, ಮೂರನೆಯದು ಸಿಗದೆ ಲಾ ಲಾ ಎಂದು ದಾಟಿ, ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದಳು ದೊಡ್ಡಮ್ಮ. ಗಂಟಲು ಬಿಚ್ಚಿ, ಯಾರ ಪರಿವೆಯೂ ಇಲ್ಲದೆ.

ಜೀರಿಗೆ ಬಾಗಿಲಿಗೆ ಕೈ ಹಚ್ಚಿದವಳು ಹಿಂದಕ್ಕೆ ತೆಗೆದಳು. ದೊಡ್ಡಮ್ಮನಿಗೆ ಹಾಡೆಂದರೆ ಆಗುವುದಿಲ್ಲ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಇಷ್ಟೊಂದು ಹಾಡು ಒಳಗಿಟ್ಟುಕೊಂಡು ಸುಮ್ಮನಿದ್ದಳಲ್ಲ, ಎಷ್ಟು ಕಷ್ಟವಾಗಿರಬೇಕು ಅವಳಿಗೆ ಎಂದುಕೊಂಡಳು. ಬ್ಯಾಗನ್ನು ಸದ್ದಾಗದಂತೆ ಇಳಿಸಿ ಗಿರಾಕಿಯ ಪಕ್ಕ ಕೂತಳು.

“ನಿಮ್ಮದೇ ಅಂಗಡಿ ಅಲ್ವಾ? ಒಳಗೆ ಹೋಗಲ್ವಾ?” ಎಂದು ಅವನು ಪಿಸುಗುಟ್ಟಿದ.

“ಹೋಗ್ತೀನಿ,” ಎಂದಳು ಜೀರಿಗೆ. “ಮೂರನೇ ಸಾಲು ಸಿಗ್ಲಿ.”